ಆಗದೇ ಉಳಿದ ಊರನ್ನೂ ನೋಡಿ

ಚುನಾವಣೆ ಫಲಿತಾಂಶ ಬಂದ ಸಂಜೆ ಟಿವಿ ಹಾಕಿದರೆ ಒಬ್ಬರು ಕೇರಳ ನೋಡಿ ಅನ್ನುತ್ತಾರೆ, ಇನ್ನೊಬ್ಬರು ಗುಜರಾತ್ ನೋಡಿ ಅನ್ನುತ್ತಾರೆ, ಮೂರನೆಯವರು ಸೀದಾ ಸಿಂಗಾಪುರಕ್ಕೆ ಹೋಗಿಬಿಡುತ್ತಾರೆ. ಹೋಲಿಸದೆ ರಾಜಕೀಯ ಮಾತಾಡುವುದು ಕಷ್ಟವೇ. ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಎಂಎ ವಿದ್ಯಾರ್ಥಿಗಳು ಕಿರುಪ್ರಬಂಧಕ್ಕೆ ತರುವ ವಿಷಯಗಳಲ್ಲೂ 'ಒಂದು ತೌಲನಿಕ ಅಧ್ಯಯನ' ಅನ್ನುವ ಬಾಲ ಇದ್ದೇ ಇರುತ್ತದೆ. ಮೊದಲ ಅಧ್ಯಾಯದಲ್ಲಿ ಕರ್ನಾಟಕದ ಪಂಚಾಯಿತಿ, ಎರಡನೆಯದರಲ್ಲಿ ಕೇರಳದ ಪಂಚಾಯಿತಿ, ಮೂರನೆಯದರಲ್ಲಿ ಸಾಮ್ಯ ಮತ್ತು ವ್ಯತ್ಯಾಸಗಳ ಪಟ್ಟಿ. ಎರಡು ವಿವರಣೆಗಳನ್ನು ಸೇರಿಸಿ ಬೈಂಡ್ ಮಾಡಿಸಿದಂತೆ ಆಗುತ್ತದೆ, ಅಷ್ಟೇ. ಅಲ್ಲಿ ಉತ್ತರ ಸಿಗುವುದಿಲ್ಲ, ಯಾಕೆಂದರೆ ಪ್ರಶ್ನೆಯನ್ನೇ ಯಾರೂ ಕೇಳಿಲ್ಲ.

ಪ್ರಶ್ನೆ ಹೀಗಿರಬೇಕು: ಒಂದು ಸಂಗತಿ ಇಲ್ಲಿ ಆಯಿತು, ಇಂಥದ್ದೇ ಇನ್ನೊಂದು ಜಾಗದಲ್ಲಿ ಯಾಕೆ ಆಗಲಿಲ್ಲ? ಹೋಲಿಕೆಗೆ ಬಲ ಬರುವುದು ಈ ಎರಡನೇ ಜಾಗದಿಂದ. ನಾವು ಮಾತ್ರ ಆದ ಜಾಗವನ್ನೇ ಸುತ್ತುತ್ತಾ ಇರುತ್ತೇವೆ.

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಒಂದು ಅನುಕೂಲ ಇದೆ. ಒಂದು ಅಂಶವನ್ನು ಮಾತ್ರ ಬದಲಾಯಿಸಿ ಮತ್ತೆ ಮಾಡಿ ನೋಡಬಹುದು. ತುರ್ತು ಪರಿಸ್ಥಿತಿ ಇಲ್ಲದ 1977ರ ಚುನಾವಣೆಯನ್ನು ನಾವು ಇನ್ನೊಮ್ಮೆ ನಡೆಸಿ ನೋಡುವ ಹಾಗಿಲ್ಲ. ಅದಕ್ಕೇ ಚರಿತ್ರೆಯೇ ನಡೆಸಿಟ್ಟ ಪ್ರಯೋಗಗಳನ್ನು ಹುಡುಕಿಕೊಂಡು ಹೋಗಬೇಕು. ಉಳಿದೆಲ್ಲ ಒಂದೇ ಥರ ಇರುವ ಎರಡು ಕಡೆ ಫಲಿತಾಂಶ ಮಾತ್ರ ಬೇರೆಯಾಗಿದ್ದರೆ, ಬೇರೆಯಾಗಿರುವ ಆ ಒಂದು ಅಂಶದಲ್ಲಿ ಕಾರಣ ಹುಡುಕು ಎಂಬ ತರ್ಕವನ್ನು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ 1843ರಲ್ಲೇ ಬರೆದಿಟ್ಟರು. ಸಮಾಜದ ವಿಷಯಕ್ಕೆ ಇದು ಒಗ್ಗುವುದಿಲ್ಲ ಅಂತಲೂ ಅವರೇ ಹೇಳಿದರು, ಒಂದನ್ನು ಬಿಟ್ಟು ಬೇರೆಲ್ಲದರಲ್ಲೂ ಹೊಂದುವ ಎರಡು ದೇಶ ಎಲ್ಲೂ ಸಿಗುವುದಿಲ್ಲವಲ್ಲ. ಆ ಎಚ್ಚರಿಕೆ ಸರಿಯೇ. ಆದರೂ ಹತ್ತಿರ ಹತ್ತಿರ ಬರುವ ಜಾಗಗಳು ಇವೆ.

ನನಗೆ ತುಂಬಾ ಇಷ್ಟವಾದದ್ದು ಆಫ್ರಿಕಾದ ಮಲಾವಿ ಮತ್ತು ಜಾಂಬಿಯಾ ಗಡಿಯದು. ಅಲ್ಲಿ ಚೇವಾ ಮತ್ತು ತುಂಬುಕಾ ಎಂಬ ಎರಡು ಸಮುದಾಯಗಳಿವೆ. 1891ರಲ್ಲಿ ಬ್ರಿಟಿಷರು ಆಡಳಿತದ ಅನುಕೂಲಕ್ಕೆ ಗೆರೆ ಎಳೆದರು, ಅದು ಎರಡೂ ಸಮುದಾಯಗಳನ್ನು ಸೀಳಿಕೊಂಡು ಹೋಯಿತು. ಹಾಗಾಗಿ ಗಡಿಯ ಎರಡೂ ಕಡೆ ಚೇವಾಗಳಿದ್ದಾರೆ, ಎರಡೂ ಕಡೆ ತುಂಬುಕಾಗಳಿದ್ದಾರೆ. ಡೇನಿಯಲ್ ಪೋಸ್ನರ್ ಎಂಬ ಸಂಶೋಧಕರು ಗಡಿಗೆ ಅಂಟಿಕೊಂಡ ನಾಲ್ಕು ಹಳ್ಳಿ ಆರಿಸಿಕೊಂಡರು: ಅತ್ತ ಒಂದು ಇತ್ತ ಒಂದು ಚೇವಾ ಹಳ್ಳಿ, ಹಾಗೆಯೇ ತುಂಬುಕಾ ಹಳ್ಳಿ. ಇನ್ನೊಂದು ಸಮುದಾಯದವರನ್ನು ಮದುವೆ ಆಗುತ್ತೀರಾ, ಅವರ ಕಡೆಯ ಅಭ್ಯರ್ಥಿ ಅಧ್ಯಕ್ಷ ಸ್ಥಾನಕ್ಕೆ ನಿಂತರೆ ಮತ ಹಾಕುತ್ತೀರಾ ಎಂಬಂಥ ನೇರ ಪ್ರಶ್ನೆಗಳು. ಮಲಾವಿ ಕಡೆ ಅರ್ಧಕ್ಕಿಂತ ಜಾಸ್ತಿ ಜನ ಎರಡಕ್ಕೂ ಇಲ್ಲ ಅಂದರು. ಕೆಲವೇ ಮೈಲಿ ಆಚೆ, ಜಾಂಬಿಯಾ ಕಡೆ, ಹಾಗೆ ಅಂದವರು ಸುಮಾರು ಕಾಲುಭಾಗ ಮಾತ್ರ.

ಆಚಾರ ಬೇರೆ, ಅದಕ್ಕೇ ಜಗಳ ಅನ್ನೋಣ ಅಂದರೆ ಆಗುವುದಿಲ್ಲ. ಮದುವೆಗೆ ಹೆಣ್ಣಿನ ಮನೆಗೆ ಕೊಡುವ ತೆರವನ್ನೇ ನೋಡಿ. ತುಂಬುಕಾಗಳಲ್ಲಿ ಏಳು ಹಸು ಕೊಡಬೇಕು, ಚೇವಾಗಳಲ್ಲಿ ಒಂದು ಕೋಳಿ ಕೊಟ್ಟರೆ ಆಯಿತು ಅಂತ ಅಲ್ಲಿನವರು ವಿವರಿಸಿದ್ದರು. ಕುಣಿತ ಬೇರೆ, ಭಾಷೆ ಬೇರೆ. ಆದರೆ ಈ ವ್ಯತ್ಯಾಸಗಳು ಗಡಿಯ ಎರಡೂ ಕಡೆ ಇದ್ದವು, ಎರಡೂ ಕಡೆಯವರು ಅವನ್ನು ಚೆನ್ನಾಗಿ ಬಲ್ಲರು. ಹಾಗಿದ್ದೂ ಒಂದು ಕಡೆ ಅದು ವೈರಕ್ಕೆ ತಿರುಗಿತು, ಇನ್ನೊಂದು ಕಡೆ ಸುಮ್ನೆ ಒಂದು ವ್ಯತ್ಯಾಸವಾಗಿ ಉಳಿಯಿತು. ಮಲಾವಿಯನ್ನು ಮಾತ್ರ ನೋಡಿದ್ದರೆ 'ಸಂಸ್ಕೃತಿ ಬೇರೆ, ಹಾಗಾಗಿ ಜಗಳ' ಅಂತ ಬರೆದು ಮುಗಿಸುತ್ತಿದ್ದೆವು, ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆ ಮಾತನ್ನು ಬೀಳಿಸಿದ್ದು ಜಗಳ ಆಗದ ಜಾಂಬಿಯಾದ ಹಳ್ಳಿಗಳು.

ಪೋಸ್ನರ್ ಕೊಡುವ ಕಾರಣ ಲೆಕ್ಕಾಚಾರದ್ದು. ಚಿಕ್ಕ ದೇಶ ಮಲಾವಿಯಲ್ಲಿ ಈ ಎರಡೂ ದೊಡ್ಡ ಸಮುದಾಯಗಳು, ಅಧಿಕಾರ ಹಿಡಿಯಲು ಗುಂಪು ಕಟ್ಟುವಷ್ಟು ದೊಡ್ಡವು. ಎಪ್ಪತ್ತಕ್ಕೂ ಹೆಚ್ಚು ಬುಡಕಟ್ಟುಗಳಿರುವ ಜಾಂಬಿಯಾದಲ್ಲಿ ಎರಡೂ ಚಿಕ್ಕವು, ಅಲ್ಲಿ ಬೇರೆ ಬೇರೆ ನಿಂತರೆ ಲೆಕ್ಕಕ್ಕೇ ಬರುವುದಿಲ್ಲ, 'ಪೂರ್ವ ಪ್ರಾಂತ್ಯದವರು' ಅಂತ ಒಟ್ಟಾದರೆ ಮಾತಿಗೆ ಬೆಲೆ. ಇದನ್ನು ಪಾಠ ಮಾಡುವಾಗಲೆಲ್ಲ ನಾನು ಒಂದು ಅನುಮಾನವನ್ನೂ ಮುಂದಿಡುತ್ತೇನೆ. ಮಲಾವಿಯನ್ನು 1994ರವರೆಗೆ ಆಳಿದ ಹೇಸ್ಟಿಂಗ್ಸ್ ಬಂಡಾ ಸ್ವತಃ ಚೇವಾ, 1968ರಲ್ಲಿ ಚೇವಾ ಭಾಷೆಯನ್ನು ರಾಷ್ಟ್ರಭಾಷೆ ಮಾಡಿ ತುಂಬುಕಾವನ್ನು ರೇಡಿಯೋದಿಂದ ತೆಗೆಸಿದವರು. ಕಾರಣ ಸಂಖ್ಯೆಯೋ, ಬಂಡಾ ಅವರೋ? ಬಂಡಾ ಅಂಥವರಿಗೆ ಆ ದಾರಿ ಲಾಭದ್ದು ಅನ್ನಿಸಿದ್ದೇ ಸಂಖ್ಯೆಯಿಂದ ಅನ್ನಬಹುದು. ಇರಬಹುದು. ಆದರೆ ಎರಡೇ ದೇಶ ಇಟ್ಟುಕೊಂಡು ಅದನ್ನು ಪೂರ್ತಿ ಬಿಡಿಸಲಾಗದು. ಕಾರಣಗಳು ಹತ್ತು, ಉದಾಹರಣೆಗಳು ಎರಡು: ಈ ವಿಧಾನದ ದೊಡ್ಡ ತೊಡಕು ಇದೇ, ಅದನ್ನು ಮುಚ್ಚಿಡಬಾರದು.

ಆಗದ ಜಾಗವನ್ನು ಬಿಟ್ಟರೆ ಏನಾಗುತ್ತದೆ ಅಂತ ರಾಜ್ಯಶಾಸ್ತ್ರಜ್ಞೆ ಬಾರ್ಬರಾ ಗೆಡ್ಡೆಸ್ 1990ರಲ್ಲಿ ಚೆನ್ನಾಗಿ ತೋರಿಸಿದರು. ದಕ್ಷಿಣ ಕೊರಿಯಾ, ತೈವಾನ್, ಸಿಂಗಾಪುರ ಬೇಗ ಬೆಳೆದವು, ಮೂರರಲ್ಲೂ ಕಾರ್ಮಿಕ ಸಂಘಗಳನ್ನು ಹತ್ತಿಕ್ಕಿದ್ದರು, ಹಾಗಾದರೆ ಹತ್ತಿಕ್ಕಿದ್ದೇ ಬೆಳವಣಿಗೆಗೆ ಕಾರಣವಿರಬೇಕು ಎಂಬ ವಾದ ಆಗ ಚಾಲ್ತಿಯಲ್ಲಿತ್ತು. ಅವರು ಬೆಳೆಯದ ದೇಶಗಳನ್ನೂ ಸೇರಿಸಿ ನೋಡಿದರು. ಕಾರ್ಮಿಕರನ್ನು ಹತ್ತಿಕ್ಕಿಯೂ ಬೆಳೆಯದ ದೇಶಗಳು ಬೇಕಾದಷ್ಟಿದ್ದವು, ಆ ನಂಟು ನಿಲ್ಲಲಿಲ್ಲ. ಇಂಥ ವಾದಗಳು ನಿಜವಾದ ಜನರ ಬೆನ್ನಿನ ಮೇಲೆ ಬೀಳುತ್ತವೆ, ಸಂಘ ಕಟ್ಟುವವರನ್ನು ಜೈಲಿಗೆ ಹಾಕಿದರೂ ನಡೆಯುತ್ತದೆ ಎಂಬ ಸಮರ್ಥನೆ ಇದರಿಂದಲೇ ಸಿಗುತ್ತದೆ. ವಿಧಾನದ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ನಮ್ಮ ದೇಶದಲ್ಲಿ ಕೋಮುಗಲಭೆಗಳ ಅಧ್ಯಯನವೂ ಬಹಳ ಕಾಲ ಗಲಭೆ ಆದ ಊರುಗಳ ಅಧ್ಯಯನವೇ ಆಗಿತ್ತು. ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಗಲಭೆ ಆದ ಊರನ್ನು ಆಗದ ಊರಿನ ಜೊತೆ ಜೋಡಿ ಮಾಡಿದರು. ಮುಸ್ಲಿಮರ ಪಾಲು ಹೆಚ್ಚುಕಡಿಮೆ ಒಂದೇ ಇರುವ ಅಲಿಗಢ ಮತ್ತು ಕೋಝಿಕ್ಕೋಡ್ ಒಂದು ಜೋಡಿ: ಮೊದಲನೆಯದರಲ್ಲಿ ಮತ್ತೆ ಮತ್ತೆ ಗಲಭೆ, ಎರಡನೆಯದು ಶಾಂತ. ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ವಾಚನಾಲಯದಂಥ ಕಡೆ ಎರಡೂ ಧರ್ಮದವರು ಒಟ್ಟಿಗೆ ಸದಸ್ಯರಾಗಿರುವುದು ದೊಡ್ಡ ವ್ಯತ್ಯಾಸ ಅಂತ ಅವರಿಗೆ ಕಂಡಿತು. ಸಂಘಗಳಿಂದ ಶಾಂತಿಯೋ, ಶಾಂತಿಯಿಂದ ಸಂಘಗಳೋ ಎಂಬ ತಕರಾರು ಉಳಿದೇ ಇದೆ. ಆದರೂ ಕೋಝಿಕ್ಕೋಡಿಗೆ ಹೋಗದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಅಲ್ವಾ?

ಈಗ ನಮ್ಮ ಹತ್ತಿರಕ್ಕೇ ಬರೋಣ. ಅತುಲ್ ಕೊಹ್ಲಿ ಎಂಬ ರಾಜ್ಯಶಾಸ್ತ್ರಜ್ಞರು 1980ರ ದಶಕದಲ್ಲಿ ಪಶ್ಚಿಮ ಬಂಗಾಳ, ಕರ್ನಾಟಕ, ಉತ್ತರ ಪ್ರದೇಶ ಮೂರನ್ನೂ ಅಕ್ಕಪಕ್ಕ ಇಟ್ಟು, ಬಡವರ ಪರ ಸುಧಾರಣೆಗೆ ಶಿಸ್ತಿನ ಎಡಪಕ್ಷದ ಸಂಘಟನೆ ಮುಖ್ಯ ಅಂದರು. ದೇವರಾಜ ಅರಸು ಅವರ ಕರ್ನಾಟಕ ಅದರಲ್ಲಿ ನಡುವೆ ನಿಲ್ಲುತ್ತದೆ. ಒಳ್ಳೆಯ ಕೆಲಸ, ಆದರೆ ಇಡೀ ರಾಜ್ಯವನ್ನು ಒಂದು ಘಟಕ ಅಂತ ಹಿಡಿದರೆ ಕರಾವಳಿಯೂ ಬಯಲುಸೀಮೆಯೂ ಒಂದೇ ಆಗಿಬಿಡುತ್ತವೆ. ಗೇಣಿ ಪದ್ಧತಿ ದಟ್ಟವಾಗಿದ್ದದ್ದು ಕರಾವಳಿಯಲ್ಲಿ, ಭೂಸುಧಾರಣೆ ಜೋರಾಗಿ ತಟ್ಟಿದ್ದೂ ಅಲ್ಲೇ.

ಅಲ್ಲೇ ಕೇರಳದ ಜೊತೆ ಒಂದು ಗಡಿಯೂ ಇದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಮದರಾಸಿನ ಅದೇ ಆಡಳಿತ, ಅದೇ ಮೂಲಗೇಣಿ (ಕಾಯಂ ಗೇಣಿ), ಅದೇ ಚಾಲಗೇಣಿ (ವರ್ಷ ವರ್ಷದ ಗೇಣಿ), ಅದೇ ಧಣಿ, ಅದೇ ಒಕ್ಕಲು. ತಲಪಾಡಿಯ ಆಚೆ ಮಂಜೇಶ್ವರದಲ್ಲೂ ತುಳು, ಕನ್ನಡ, ಬ್ಯಾರಿ, ಕೊಂಕಣಿ ಮಾತು. ನವೆಂಬರ್ 1ಕ್ಕೆ ಒಂದು ಭಾಗ ಕೇರಳಕ್ಕೆ ಹೋಯಿತು. ಅಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ರದ್ದಾಯಿತು, ಎಡಪಕ್ಷಗಳು ಜಮೀನಿಗೆ ಜನರನ್ನು ಇಳಿಸಿ ಚಳವಳಿ ಕಟ್ಟಿದವು, ಗುಡಿಸಲು ಹಾಕಿಕೊಂಡವರಿಗೂ ಹಳ್ಳಿಗಳಲ್ಲಿ 10 ಸೆಂಟ್ಸ್‌ವರೆಗೆ ಜಾಗದ ಹಕ್ಕು ಬಂತು. ಇತ್ತ 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ್ದಾಯಿತು. ಅದು ತನ್ನ ಹೆಸರಿಗೆ ಬರಬೇಕಾದರೆ ಒಕ್ಕಲು ಫಾರಂ ನಂಬರ್ 7 ಎಂಬ ಅರ್ಜಿ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕು, ಶುರುವಿನಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಧಣಿಯ ಎದುರೇ ನಿಂತು 'ಈ ಗದ್ದೆ ಮಾಡಿದ್ದು ನಾನು' ಅಂತ ಅವನೇ ಹೇಳಬೇಕು.

ಎರಡೂ ಕಡೆ ಒಕ್ಕಲಿಗೆ ಭೂಮಿ ಸಿಕ್ಕಿತು, ಹಾದಿ ಮಾತ್ರ ಬೇರೆ. ಒಂದು ಕಡೆ ಪಕ್ಷ ಮತ್ತು ಚಳವಳಿ, ಇನ್ನೊಂದು ಕಡೆ ಮುಖ್ಯವಾಗಿ ಕಾನೂನು ಮತ್ತು ಕಚೇರಿ. ಇತ್ತಲೂ ಕಮ್ಯುನಿಸ್ಟ್ ರೈತ ಸಂಘಗಳು ಗೇಣಿದಾರರ ನಡುವೆ ಕೆಲಸ ಮಾಡಿದ್ದವು, ಅದನ್ನು ಮರೆಯುವ ಹಾಗಿಲ್ಲ. ಹಾಗಾದರೆ ಹಾದಿ ಬೇರೆಯಾದದ್ದರಿಂದ ಮುಂದೆ ಏನಾದರೂ ಬದಲಾಯಿತೇ? ಯಾರು ಅರ್ಜಿಯನ್ನೇ ಹಾಕಲಿಲ್ಲ? ಹೆಂಗಸರು ಮಾಡುತ್ತಿದ್ದ ಗೇಣಿ ಯಾರ ಹೆಸರಿಗೆ ಬಂತು? ಕೂಲಿಯವರಿಗೆ ಎಲ್ಲಿ ಜಾಸ್ತಿ ಸಿಕ್ಕಿತು, ಇವತ್ತಿನ ಪಂಚಾಯಿತಿಯಲ್ಲಿ ಅವರ ಮಕ್ಕಳ ಮಾತು ಎಲ್ಲಿ ನಡೆಯುತ್ತದೆ?

ಮಲಾವಿಯ ಗಡಿಯ ಹಾಗೆ ಇದು ಬರೀ ಆಡಳಿತದ ಗೆರೆಯಲ್ಲ, ಭಾಷೆಯ ಲೆಕ್ಕದಲ್ಲಿ ಹಾಕಿದ್ದು, ಅದರ ಬಗ್ಗೆ ದೊಡ್ಡ ಹೋರಾಟವೇ ನಡೆಯಿತು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕು ಅಂತ ಮಹಾಜನ್ ಆಯೋಗ 1967ರಲ್ಲಿ ಹೇಳಿತು. ಆದರೆ ಗೆರೆ ಎಳೆದವರು ಗೇಣಿಯ ಲೆಕ್ಕ ನೋಡಿ ಎಳೆಯಲಿಲ್ಲ. ಭೂಸುಧಾರಣೆಯ ಪ್ರಶ್ನೆಗೆ ಅಷ್ಟು ಸಾಕು.

ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಇದನ್ನು ಎತ್ತಿಕೊಳ್ಳಲಿ ಅಂತ ನನಗೆ ತುಂಬಾ ಆಸೆ. ಎರಡು ರಾಜ್ಯ ಬೇಡ. ಗಡಿಯ ಆಚೆ ಎರಡು ಗ್ರಾಮ, ಈಚೆ ಎರಡು ಗ್ರಾಮ ಸಾಕು. ಈಚೆ ತಾಲ್ಲೂಕು ಕಚೇರಿಯಲ್ಲಿ ಫಾರಂ 7ರ ಕಡತ ಕೇಳಿ, ತಿರಸ್ಕೃತವಾದ ಅರ್ಜಿಗಳನ್ನು ಮೊದಲು ಓದಿ. ಆಚೆ ಪಟ್ಟಯಂ (ಜಮೀನಿನ ಹಕ್ಕುಪತ್ರ) ಸಿಕ್ಕವರ ಜೊತೆ ಸಿಗದವರನ್ನೂ ಹುಡುಕಿ. ಮಲಯಾಳಂ ಓದಲು ಬರುವ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಕಡತಗಳಿಗೆ ಬೇಕಾಗುತ್ತದೆ. ಕಚೇರಿಗಿಂತ ಮೊದಲು ಮನೆಗಳಿಗೆ ಹೋಗಿ. 1974ರಲ್ಲಿ ಮೂವತ್ತು ದಾಟಿದ್ದವರಿಗೆ ಈಗ ಎಂಬತ್ತು ದಾಟಿದೆ. ಕಡತ ಮುಂದಿನ ವರ್ಷವೂ ಸಿಗಬಹುದು, ಅವರನ್ನು ಈ ವರ್ಷವೇ ಮಾತಾಡಿಸಬೇಕು.