ಲಾಭ, ಎರಡು, ಮೂರು... ಅಜ್ಜ ಕಪ್ಪಾದ ರಾತ್ರಿ

ಹೋದ ತಿಂಗಳು ತಿಪಟೂರಿನಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆ. ಊಟಕ್ಕೆ ಕರೆಯುವವರೆಗೆ ಹಾಲ್‌ನಲ್ಲಿ ಕೂತಿದ್ದೆ. ಎದುರಿನ ಗೋಡೆ ಮೇಲೆ ಪೇಟ ಸುತ್ತಿದ ಅಜ್ಜನ ಬ್ಲ್ಯಾಕ್ ಅಂಡ್ ವೈಟ್ ಫೋಟೋ. 16-20 ಇಂಚಿನ ಸೈಜು, ಗಂಧದ ಹಾರ. ಬಂದವರಿಗೆಲ್ಲ ಅಜ್ಜನ ಮುಖ ಕಾಣುತ್ತದೆ. ನನಗೆ ಕಾಣುವುದು ಎಡಗಿವಿ ಮಾತ್ರ. ಆ ಕಿವಿಯ ಮೇಲಂಚು ಹಿಂದಿನ ಗೋಡೆಯೊಳಗೆ ಕರಗಿಹೋಗಿದೆ. ಕರಗಿಸಿದ್ದು ನಾವೇ.

1996ರ ಮಾರ್ಚ್ 9, ಶನಿವಾರ. ತಾರೀಖು ಮರೆಯುವಂಥದ್ದಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವರ್ಲ್ಡ್ ಕಪ್ ಕ್ವಾರ್ಟರ್ ಫೈನಲ್, ಇಂಡಿಯಾ ಪಾಕಿಸ್ತಾನ ಮ್ಯಾಚು. ನಾನು ಆಗ ಒಂದು ಫೋಟೋ ಸ್ಟುಡಿಯೋದಲ್ಲಿ, ಪ್ರಿಂಟು ತೊಳೆಯುವ ಡಾರ್ಕ್ ರೂಮಿನಲ್ಲಿ ಎರಡನೇ ಕೈ. ಮೊದಲನೇ ಕೈ ನಮ್ಮ ಮೇಷ್ಟ್ರು. ಅವರು ಯಾವ ಸ್ಕೂಲಿಗೂ ಪಾಠ ಮಾಡಿದವರಲ್ಲ, ಮೂವತ್ತು ವರ್ಷ ಹೈಪೋದಲ್ಲಿ, ಅಂದರೆ ಪ್ರಿಂಟಿನ ಚಿತ್ರ ಕಾಯಂ ಮಾಡುವ ದ್ರಾವಣದಲ್ಲಿ ಕೈ ಅದ್ದಿದವರು. ಅಷ್ಟೊತ್ತಿಗೆ ಮದುವೆ ಕೆಲಸವೆಲ್ಲ ಕಲರ್ ಆಗಿ ಲ್ಯಾಬಿಗೆ ಹೋಗುತ್ತಿತ್ತು. ನಮ್ಮ ಪಾಲಿಗೆ ಉಳಿದಿದ್ದು ಪಾಸ್‌ಪೋರ್ಟ್ ಸೈಜು ಮತ್ತು ತೀರಿಕೊಂಡವರ ಎನ್‌ಲಾರ್ಜ್‌ಮೆಂಟು.

ನೆಗೆಟಿವ್‌ನ ಚಿತ್ರವನ್ನು ಬಲ್ಬಿನ ಬೆಳಕಲ್ಲಿ ಪೇಪರ್ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಟೈಮರ್ ಕೆಟ್ಟು ಆರು ತಿಂಗಳಾಗಿತ್ತು. ಬೆಳಕು ಕಮ್ಮಿಯಾದರೆ ಪ್ರಿಂಟು ಬಿಳಿಚುತ್ತದೆ, ಜಾಸ್ತಿಯಾದರೆ ಕಪ್ಪಾಗುತ್ತದೆ. ಓನರ್‌ಗೆ ಹೇಳಿದರೆ, "ಮೇಷ್ಟ್ರು ಬಾಯಲ್ಲೇ ಎಣಿಸ್ತಾರೆ, ನಿನಗೇನಯ್ಯ ಕಷ್ಟ?" ಅನ್ನುತ್ತಿದ್ದರು. ಹೌದು, ಮೇಷ್ಟ್ರು ಬಾಯಲ್ಲೇ ಎಣಿಸುತ್ತಿದ್ದರು. ಆದರೆ ಕಣದಲ್ಲಿ ರಾಗಿ ಅಳೆಯುವ ಹಾಗೆ. ಬಲ್ಬು ಹಾಕುತ್ತಲೇ ಒಂದರ ಬದಲು "ಲಾಭ", ಆಮೇಲೆ "ಎರಡು, ಮೂರು". ಅವರು ಹನ್ನೆರಡಕ್ಕೆ ಆರಿಸಿದರೆ ನಡುವೆ ಇರುವುದು ಹನ್ನೊಂದೇ ಸೆಕೆಂಡು. ನಾನು ಒಂದು ಸೆಕೆಂಡು ಕಳೆದ ಮೇಲೆ "ಒಂದು" ಅನ್ನುವವನು. ಒಂದೇ ನೋಟ್‌ಬುಕ್ಕು, ಎರಡು ಬಾಯಿ. ಮೂವತ್ತು ಸೆಕೆಂಡಿನ ಪ್ರಿಂಟಿಗೆ ಇದು ಲೆಕ್ಕಕ್ಕಿಲ್ಲ. ನಾಲ್ಕು ಸೆಕೆಂಡಿನ ಪಾಸ್‌ಪೋರ್ಟಿಗೆ ಕಾಲು ಭಾಗವೇ ಹೋಯಿತು, ಅಲ್ವಾ?

ಆವತ್ತು ಬೆಳಿಗ್ಗೆ ಅಜ್ಜನ ಮಗ 120 ಫಿಲ್ಮಿನ ನೆಗೆಟಿವ್ ತಂದಿದ್ದರು. ಮೇಷ್ಟ್ರು ಒಂದು 8-10 ಇಂಚಿನ ಪ್ರಿಂಟು ತೆಗೆದು ಒಣಗಲು ಹಾಕಿದರು. ಲೆನ್ಸಿನ ಕಿಂಡಿಯ ಅಳತೆ ಮತ್ತು ಸಮಯ ನೋಟ್‌ಬುಕ್ಕಿನಲ್ಲಿ ಬರೆದಿದ್ದು: ಎಫ್ 8, 12 ಸೆಕೆಂಡ್. ಸೊಗಸಾದ ಪ್ರಿಂಟು. ಪೇಟದ ಮಡಿಕೆ ಮಡಿಕೆಯೂ ಎಣಿಸಬಹುದಿತ್ತು. ಮಧ್ಯಾಹ್ನ ಮಗ ಮತ್ತೆ ಬಂದರು. "ಅಣ್ಣ, ಇದು ಸಾಲಲ್ಲ. ನಾಳೆ ತಿಥಿ, ಊರೆಲ್ಲ ಬರ್ತಾರೆ. ದೊಡ್ಡದು ಮಾಡಿಕೊಡಿ." ಮೇಷ್ಟ್ರು ಆಗಲೇ ಮ್ಯಾಚಿಗೆ ಅಂತ ಮನೆಗೆ ಹೊರಟಿದ್ದರು. ನಾನು ಎದೆ ಸೆಟೆಸಿ ಒಪ್ಪಿಕೊಂಡೆ.

16-20 ಪೇಪರ್ ಎರಡೇ ಶೀಟು ಇತ್ತು. "ಈ ಸೈಜು ಈಗ ಯಾರು ಕೇಳ್ತಾರೆ" ಅಂತ ಓನರ್ ತರಿಸುವುದನ್ನೇ ನಿಲ್ಲಿಸಿದ್ದರು. ಒಂದು ಕೊಡಲಿಕ್ಕೆ, ಒಂದು ಕೆಟ್ಟರೆ ಇರಲಿ ಅಂತ. ಅದರಲ್ಲಿ ಪಟ್ಟಿ ಕತ್ತರಿಸಿ, ಬೇರೆ ಬೇರೆ ಸೆಕೆಂಡು ಬೆಳಕು ಕೊಟ್ಟು ನೋಡುವ ಟೆಸ್ಟ್ ಸ್ಟ್ರಿಪ್ ಮಾಡಲು ಮನಸ್ಸು ಬರಲಿಲ್ಲ. ಲೆಕ್ಕ ಬರುತ್ತಲ್ಲ, ಸ್ಟ್ರಿಪ್ ಯಾಕೆ ಅಂದುಕೊಂಡೆ. ಉದ್ದ ಡಬಲ್, ಅಗಲ ಡಬಲ್, ಅಂದಮೇಲೆ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹರಡಬೇಕು. ಹನ್ನೆರಡು ನಾಲ್ಕಲೆ ನಲವತ್ತೆಂಟು. ಪಿಯುಸಿ ಸೈನ್ಸ್ ಓದಿದ್ದು ಸಾರ್ಥಕ ಅನ್ನಿಸಿತ್ತು.

ಈ ನಡುವೆ ಓನರ್ ಮನೆಯಿಂದ ಹುಡುಗ ಬಂದು ಸ್ಟೆಬಿಲೈಜರ್ ಹೊತ್ತುಕೊಂಡು ಹೋದ. ಮನೆಯಲ್ಲಿ ಟಿವಿ ಪರದೆ ಕುಗ್ಗುತ್ತಿದೆಯಂತೆ. ಹೋಗಲಿ ಬಿಡು ಅಂದೆ. ಬಲ್ಬು ಉರಿಯುತ್ತಲ್ಲ, ಅಷ್ಟು ಸಾಕು ಅನ್ನುವುದು ನನ್ನ ಬುದ್ಧಿ.

ಸಂಜೆ ಏಳರ ಮೇಲೆ ಕೆಲಸಕ್ಕೆ ಕೂತೆ. ಪಕ್ಕದ ರಾಗಿ ಮಿಲ್ಲು ಗಡಗಡ ಅನ್ನುತ್ತಿತ್ತು. ಎನ್‌ಲಾರ್ಜರಿನ ಹೆಡ್ ಮೇಲೇರಿಸಿ ಫೋಕಸ್ ಮಾಡಿದೆ. ಚಿತ್ರ ಸ್ವಲ್ಪ ಮಂಕು, ಸ್ವಲ್ಪ ಕೆಂಪು ಅನ್ನಿಸಿತು. ಇಷ್ಟು ಎತ್ತರಕ್ಕೆ ಹೋದರೆ ಮಂಕಾಗದೆ ಇನ್ನೇನು ಅಂತ ನಾನೇ ಸಮಾಧಾನ ಹೇಳಿಕೊಂಡೆ. ನಲವತ್ತೆಂಟು ಎಣಿಸಿದೆ. ಪೇಪರನ್ನು ಚಿತ್ರ ಎಬ್ಬಿಸುವ ಡೆವಲಪರ್‌ಗೆ ಹಾಕಿದೆ.

ಅರ್ಧ ನಿಮಿಷವಾದರೂ ಏನೂ ಇಲ್ಲ. ಆಮೇಲೆ ಎರಡು ಕಣ್ಣು ಬಂದವು. ಮೀಸೆ ಬಂತು. ಅಲ್ಲಿಗೆ ನಿಂತಿತು. ಟ್ರೇ ಅಲ್ಲಾಡಿಸಿದೆ. ಬೆರಳಲ್ಲಿ ಕೆನ್ನೆ ಉಜ್ಜಿದೆ, ಬಿಸಿಗೆ ಎದ್ದು ಬರಲಿ ಅಂತ. ನಾಲ್ಕು ನಿಮಿಷ, ಐದು ನಿಮಿಷ. ಪೇಟ ಬರಲೇ ಇಲ್ಲ. ಹೈಪೋ ಆದಮೇಲೆ ಬಿಳಿ ದೀಪ ಹಾಕಿದರೆ ಬಿಳಿ ಹಾಳೆಯಲ್ಲಿ ಕಣ್ಣು ಮೀಸೆ ತೇಲುತ್ತಿವೆ. ತೀರಿಕೊಂಡ ಅಜ್ಜ ದೆವ್ವವಾಗಿ ಬಂದಂತಿತ್ತು. ಕೆಂಪು ದೀಪದಲ್ಲಿ ಇಷ್ಟು ಕೆಟ್ಟದಾಗಿ ಕಂಡಿರಲಿಲ್ಲ. ಆ ದೀಪ ಯಾವಾಗಲೂ ಇರುವುದಕ್ಕಿಂತ ಕಪ್ಪಾಗಿಯೇ ತೋರಿಸುತ್ತದೆ.

ಇಲ್ಲಿ ನಿಂತು ಯೋಚಿಸಬೇಕಿತ್ತು. ಯೋಚಿಸಿದೆ ಕೂಡ, ಆದರೆ ತಪ್ಪು ಕಡೆಗೆ. ಲೆಕ್ಕವೇ ತಪ್ಪಿರಬೇಕು, ಡಬಲ್ ಹಾಕಿದರೆ ಸರಿಹೋಗುತ್ತೆ ಅಂದುಕೊಂಡೆ. ಕೊನೇ ಶೀಟು, ಪೇಪರ್ ಹಿಡಿಯುವ ಈಸಲ್‌ಗೆ ಸಿಕ್ಕಿಸಿದೆ. ತೊಂಬತ್ತಾರು ಸೆಕೆಂಡು. ಬಾಯಲ್ಲಿ.

ನಲವತ್ತರ ಹತ್ತಿರ ಬಂದಾಗ ಮಿಲ್ಲಿನ ಸದ್ದು ನಿಂತಿತು. ಅವರೂ ಮ್ಯಾಚಿಗೆ ಓಡಿದ್ದರು. ನನಗೆ ಖುಷಿಯೇ ಆಯಿತು, ಸದ್ಯ ಎಣಿಸೋಕೆ ಸುಲಭ ಅಂತ. ಪೇಪರ್ ಮೇಲೆ ಅಜ್ಜ ಬೆಳ್ಳಗೆ ಹೊಳೆಯತೊಡಗಿದ. ಅದನ್ನು ಕಣ್ಣಾರೆ ನೋಡಿದೆ. ಕತ್ತಲೆಗೆ ಕಣ್ಣು ಹೊಂದಿಕೊಂಡಿರಬೇಕು ಅಂದುಕೊಂಡೆ! ಐವತ್ತೆಂಟು, ಐವತ್ತೊಂಬತ್ತು. ಅಷ್ಟರಲ್ಲಿ ಇಡೀ ಬೀದಿ ಒಂದೇ ಸಲ ಕಿರುಚಿತು. ಬಾಗಿಲು ಬಡಿದ ಸದ್ದು, ಪಟಾಕಿ, ಯಾರೋ ತಟ್ಟೆ ಬಾರಿಸಿದರು. ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ ಪಾಕಿಸ್ತಾನದ ಅಮೀರ್ ಸೊಹೇಲ್‌ನನ್ನು ನಮ್ಮ ವೆಂಕಟೇಶ್ ಪ್ರಸಾದ್ ಮುಂದಿನ ಬಾಲಿಗೇ ಬೌಲ್ಡ್ ಮಾಡಿದ್ದು ಅಂತ ಆಮೇಲೆ ಗೊತ್ತಾಯಿತು. ಆಗ ಗೊತ್ತಾಗಿದ್ದು ಒಂದೇ, ನನ್ನ ಎಣಿಕೆ ಹೋಗಿತ್ತು. ಐವತ್ತೊಂಬತ್ತೋ ಅರವತ್ತೊಂಬತ್ತೋ? ಬಲ್ಬು ಮಾತ್ರ ಉರಿಯುತ್ತಲೇ ಇತ್ತು. ಕಮ್ಮಿಯಾದರೆ ಮತ್ತೆ ದೆವ್ವ ಬರುತ್ತೆ ಅನ್ನುವ ಭಯಕ್ಕೆ ಐವತ್ತೊಂಬತ್ತರಿಂದಲೇ ಮುಂದುವರಿಸಿದೆ.

ಡೆವಲಪರ್‌ನಲ್ಲಿ ಐದು ಸೆಕೆಂಡಿಗೆಲ್ಲ ಅಜ್ಜ ಪೂರ್ತಿ ಎದ್ದು ಕೂತ. ಹದಿನೈದಕ್ಕೆ ಕಪ್ಪಾಗತೊಡಗಿದ. ಕೈಗೆ ಸಿಕ್ಕ ಮೂಲೆ ಹಿಡಿದು ಹೈಪೋಗೆ ಎಸೆದೆ. ಬಿಳಿ ದೀಪದಲ್ಲಿ ಇದ್ದಲು.

ಮ್ಯಾಚು 39 ರನ್ನಿಗೆ ಗೆದ್ದು ಮೇಷ್ಟ್ರು ಹಾಡಿಕೊಂಡು ಬಂದರು. ಎರಡೂ ಪ್ರಿಂಟು ನೋಡಿದರು. ಬೈಯಲಿಲ್ಲ. ಗೋಡೆಯ ಮೂಲೆ ನೋಡಿದರು. "ಸ್ಟೆಬಿಲೈಜರ್ ಎಲ್ಲೋ?"

ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬಲ್ಬಿನ ಬೆಳಕು ಇಳಿಯುವುದು ಹತ್ತಲ್ಲ, ಹತ್ತಿರ ಹತ್ತಿರ ಮೂವತ್ತು. 230 ಬರುವ ಕಡೆ 190 ಬಂದರೆ ಬೆಳಕು ಅರ್ಧ. ಮೇಲಾಗಿ ಉಳಿದ ಬೆಳಕೂ ಕೆಂಪಗಾಗುತ್ತದೆ. ಪ್ರಿಂಟು ತೆಗೆಯುವ ಬ್ರೋಮೈಡ್ ಪೇಪರ್‌ಗೆ ಬೇಕಾಗಿರುವುದು ನೀಲಿ. ಮಿಲ್ಲು ತಿರುಗಿ ವೋಲ್ಟೇಜು ಇಳಿಸುವಾಗ ನನ್ನ ನಲವತ್ತೆಂಟು ಸೆಕೆಂಡು ಇಪ್ಪತ್ತನಾಲ್ಕೂ ಆಗಿರಲಿಲ್ಲ. ಮಿಲ್ಲು ನಿಂತ ಮೇಲೆ ಒಂದೊಂದು ಸೆಕೆಂಡೂ ಪೂರಾ ಸೆಕೆಂಡು.

ಲೆಕ್ಕ ತಪ್ಪಿದ್ದೂ ನಿಜವೇ. ಅದೂ ಉಲ್ಟಾ. ಪ್ರಿಂಟ್ ಸೈಜು ನೋಡಿ ನಾಲ್ಕು ಪಟ್ಟು ಹಾಕಬಾರದು. ನೆಗೆಟಿವ್‌ಗಿಂತ ಚಿತ್ರ ಎಷ್ಟು ಪಟ್ಟು ದೊಡ್ಡದು ನೋಡಿ, ಅದಕ್ಕೆ ಒಂದು ಸೇರಿಸಿ, ವರ್ಗ ಮಾಡಬೇಕು. 8-10ರಲ್ಲಿ ಅಜ್ಜ ನಾಲ್ಕೂವರೆ ಪಟ್ಟು, 16-20ರಲ್ಲಿ ಒಂಬತ್ತು ಪಟ್ಟು. ಐದೂವರೆಯ ವರ್ಗ ಮೂವತ್ತು ಚಿಲ್ಲರೆ, ಹತ್ತರ ವರ್ಗ ನೂರು. ಅಂದರೆ ಮೂರೂಕಾಲು ಪಟ್ಟು ಚಿಲ್ಲರೆ, ಹನ್ನೆರಡಕ್ಕೆ ನಲವತ್ತು. ಇದೂ ಶುರು ಮಾಡಲಿಕ್ಕೆ ಅಷ್ಟೇ. ಸ್ಟ್ರಿಪ್ ಹಾಕಲೇಬೇಕು, ಅದೂ ಅದೇ ಪೇಪರ್‌ನಲ್ಲಿ, ಅದೇ ಹೊತ್ತಿನಲ್ಲಿ.

ಸ್ಟ್ರಿಪ್ ಹಾಕುವುದನ್ನೂ ಆ ರಾತ್ರಿಯೇ ಮತ್ತೆ ಕಲಿತೆ. ನಾನು ಐದು, ಹತ್ತು, ಹದಿನೈದು, ಇಪ್ಪತ್ತು ಅಂತ ಹಾಕುತ್ತಿದ್ದೆ. ಐದರಿಂದ ಹತ್ತಕ್ಕೆ ಬೆಳಕು ಡಬಲ್. ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಕಾಲು ಭಾಗ ಜಾಸ್ತಿ ಅಷ್ಟೇ. ಮೊದಲ ಪಟ್ಟಿಗಳು ಹಾರುತ್ತವೆ, ಕೊನೆಯವು ಒಂದೇ ಥರ ಕಾಣುತ್ತವೆ. "ಲೆನ್ಸ್ ಮೇಲೆ ಬರೆದಿರೋ ಅಂಕಿಗಳನ್ನೇ ಸೆಕೆಂಡು ಅಂದುಕೊಳ್ಳೋ" ಅಂದರು ಮೇಷ್ಟ್ರು. 5.6, 8, 11, 16, 22. ಪ್ರತಿ ಪಟ್ಟಿಗೂ ಅರ್ಧ ಸ್ಟಾಪ್, ಅಂದರೆ ಎರಡು ಪಟ್ಟಿ ದಾಟಿದರೆ ಬೆಳಕು ಡಬಲ್, ಮೆಟ್ಟಿಲಿನ ಹಾಗೆ ಸಮ. ಇಷ್ಟು ಸುಲಭದ್ದನ್ನು ಮೂರು ವರ್ಷ ಯಾಕೆ ಹೇಳಿರಲಿಲ್ಲ ಅಂದರೆ, "ನೀನು ಕೇಳಿದ್ಯಾ?" ಅಂದರು.

ಪೇಪರ್ ಮುಗಿದಿತ್ತು. ಉಳಿದಿದ್ದು ಪ್ರಿಂಟಿನ ಕಪ್ಪನ್ನು ಕರಗಿಸುವ ರೆಡ್ಯೂಸರ್ ಒಂದೇ ದಾರಿ. ಫೆರಿಸೈನೈಡ್ ಹರಳು ಕರಗಿಸಿ ಹೈಪೋಗೆ ಬೆರೆಸಿದರು. ಅದು ಕೆಲವೇ ನಿಮಿಷ ಬದುಕುತ್ತದೆ, ಆಮೇಲೆ ಸತ್ತ ನೀರು. ಒದ್ದೆ ಪ್ರಿಂಟನ್ನು ಗಾಜಿನ ಮೇಲೆ ಹಾಸಿ, ಹತ್ತಿಯಲ್ಲಿ ಅಜ್ಜನ ಹಣೆ ಸವರುವುದು, ತಕ್ಷಣ ನೀರು. ಮತ್ತೆ ಸವರುವುದು, ನೀರು. ಜಗ್ಗು ಹಿಡಿದು ನೀರು ಸುರಿಯುವುದು ನನ್ನ ಕೆಲಸ. ಹಣೆ ತಿಳಿಯಾಯಿತು. ಮೂಗಿನ ಪಕ್ಕ ಬೆಳಕು ಬಂತು. ಪೇಟದ ಎರಡು ಮಡಿಕೆ ಸಿಕ್ಕವು. ಎಡಗಿವಿಗೆ ಬಂದಾಗ ನನಗೆ ತೂಕಡಿಕೆ. ಜಗ್ಗು ಬಗ್ಗುವುದು ಎರಡು ಸೆಕೆಂಡು ತಡವಾಯಿತು. ಕಿವಿಯ ಅಂಚು ನಮ್ಮಿಬ್ಬರ ಕಣ್ಣೆದುರೇ ಕರಗಿತು. ಮೇಷ್ಟ್ರು ಹತ್ತಿ ಕೆಳಗಿಟ್ಟು ಬೀಡಿ ಹಚ್ಚಿಕೊಳ್ಳಲು ಆಚೆ ಹೋದರು.

ಒದ್ದೆ ಇದ್ದಾಗ ಪರವಾಗಿಲ್ಲ ಅನ್ನಿಸಿತ್ತು. ಬೆಳಿಗ್ಗೆ ಒಣಗಿದ ಮೇಲೆ ಇನ್ನೊಂದು ಸುತ್ತು ಕಪ್ಪಾಗಿತ್ತು, ಒಣಗಿದರೆ ಆಗುವುದೇ ಹಾಗೆ. ಮಗ ಬಂದು ಬಹಳ ಹೊತ್ತು ನೋಡಿದರು. ನನ್ನ ಎದೆ ಡವಡವ. "ನಿನ್ನೆ ಬೆಳಿಗ್ಗೆ ಮಾಡಿದ್ದರಲ್ಲಿ ಅಪ್ಪ ಬೆಳ್ಳಗಿದ್ರು. ಇದೇ ಸರಿ ಕಣಣ್ಣ, ತೋಟದ ಬಿಸಿಲಲ್ಲಿ ಅವರು ಹೀಗೇ ಇದ್ದದ್ದು" ಅಂದು ಕಣ್ಣೊರೆಸಿಕೊಂಡು ದುಡ್ಡು ಕೊಟ್ಟು ಹೋದರು.

ಓನರ್ ಒಂದು ಶೀಟಿನ ದುಡ್ಡು ನನ್ನ ಸಂಬಳದಲ್ಲಿ ಹಿಡಿದರು. ಟೈಮರ್ ರಿಪೇರಿ ಆಗಲಿಲ್ಲ. 13ನೇ ತಾರೀಖು ಕಲ್ಕತ್ತಾದಲ್ಲಿ ಇಂಡಿಯಾ ಸೆಮಿಫೈನಲ್ ಸೋತಿತು. 14ರ ಬೆಳಿಗ್ಗೆ ಹುಡುಗ ಸ್ಟೆಬಿಲೈಜರ್ ತಂದಿಟ್ಟು ಹೋದ.