ಸರದಿ ತಪ್ಪಿದ ಕ್ಲಾಸು

14 ನವೆಂಬರ್ 2024, ಗುರುವಾರ

ಮೊದಲು ಬಂದ ಕೆಲಸ ಮೊದಲು ಮುಗಿಯಬೇಕೆಂದು 2022ರಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದ ನನ್ನ ‘ಸರದಿ’ ಎಂಬ ಕ್ಲಾಸು (ಮಾಹಿತಿಯನ್ನೂ ಅದರ ಮೇಲಿನ ಕೆಲಸಗಳನ್ನೂ ಒಟ್ಟಿಗೆ ಕಟ್ಟಿದ ಅಚ್ಚು), ಕೊನೆಗೆ ಬಂದ ಕೆಲಸವನ್ನು ಎಲ್ಲಕ್ಕಿಂತ ಮುಂಚೆ ಹೊರಗೆ ಕಳುಹಿಸುತ್ತಿರುವುದು ಇಂದು ಬೆಳಿಗ್ಗೆ ಕಣ್ಣಿಗೆ ಬಿತ್ತು. ನಾನು ಬರೆದ ಮೆಥಡ್‌ಗಳಲ್ಲಿ, ಅಂದರೆ ಕ್ಲಾಸು ಮಾಡಬಲ್ಲ ಕೆಲಸಗಳಲ್ಲಿ, ತಪ್ಪಿರಲಿಲ್ಲ. ಸೇರಿಸುವುದು, ಎಣಿಸುವುದು ಶ್ರಮವಿಲ್ಲದೆ ಸಿಗುತ್ತದೆಂದು ಅದನ್ನು ಜಾವಾದ ಸಿದ್ಧ ಪಟ್ಟಿಯ ಕ್ಲಾಸಾದ ಅರೇಲಿಸ್ಟ್‌ನಿಂದ ಇನ್ಹೆರಿಟ್ ಮಾಡಿದ್ದೇ, ಅಂದರೆ ಅದರ ಮೆಥಡ್‌ಗಳನ್ನೆಲ್ಲ ವಾರಸಾಗಿ ಪಡೆದದ್ದೇ ತಪ್ಪು. ಇನ್ನೊಂದು ಕಡತದಲ್ಲಿ ಯಾರೋ ತುರ್ತು ಕೆಲಸವೊಂದಕ್ಕಾಗಿ ಪಟ್ಟಿಯ ಮೊದಲಿಗೆ ಸೇರಿಸುವ ಆಡ್‌ಫಸ್ಟ್ ಎಂಬ ಮೆಥಡನ್ನು ಕರೆದಿದ್ದರು.

ನಾನು ಕ್ಲಾಸು ಬರೆದಾಗ ಅರೇಲಿಸ್ಟ್‌ನಲ್ಲಿ ಆ ಮೆಥಡ್ ಇರಲೇ ಇಲ್ಲ. ಅದು ಬಂದದ್ದು 2023ರ ಜಾವಾ 21ರಲ್ಲಿ. ನನ್ನ ಕಡತದ ಒಂದಕ್ಷರವೂ ಬದಲಾಗದೆ, ತಂದೆ ಕ್ಲಾಸಾದ ಅರೇಲಿಸ್ಟ್ ಬೆಳೆದ ಮಾತ್ರಕ್ಕೆ ನನ್ನ ಕ್ಲಾಸಿಗೆ ಹೊಸ ಬಾಗಿಲೊಂದು ತೆರೆದುಕೊಂಡಿತ್ತು.

‘ಸರದಿಯೂ ಒಂದು ಪಟ್ಟಿಯೇ’ ಎಂಬುದು ಅಂದಿನ ನನ್ನ ಸಮರ್ಥನೆ. ಮಾತಿನಲ್ಲಿ ಅದು ಸರಿಯೇ. ಆದರೆ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರಲ್ಲಿ ಮುಂದಿಟ್ಟ ವಿಚಾರದ ಪ್ರಕಾರ, ತಂದೆ ಕ್ಲಾಸಿನ ಆಬ್ಜೆಕ್ಟ್ (ಆ ಅಚ್ಚಿನಿಂದ ತಯಾರಾದ ವಸ್ತು) ಇರುವಲ್ಲಿ ಮಗು ಕ್ಲಾಸಿನದನ್ನು ಇಟ್ಟರೂ ಪ್ರೋಗ್ರಾಮಿನ ನಡವಳಿಕೆ ಕೆಡಬಾರದು. ಎಲ್ಲಿ ಬೇಕಾದರೂ ಸೇರಿಸಬಹುದೆಂಬುದು ಅರೇಲಿಸ್ಟ್‌ನ ಮಾತು. ಕೊನೆಯಲ್ಲಿ ಮಾತ್ರ ಸೇರಬೇಕೆಂಬುದು ಸರದಿಯ ಮಾತು. ಎರಡನ್ನೂ ಒಂದೇ ಕ್ಲಾಸು ಉಳಿಸಿಕೊಳ್ಳಲಾರದು. ಕೊನೆಗೆ ಇಟ್ಟದ್ದು ಮೊದಲು ಹೊರಬರಬೇಕಾದ, ಜಾವಾದ ಸ್ವಂತ ಸ್ಟ್ಯಾಕ್ ಕ್ಲಾಸೇ 1996ರಿಂದ ಇದೇ ಭಾರ ಹೊತ್ತಿದೆ: ಪಟ್ಟಿಯಂಥ ವೆಕ್ಟರ್ ಕ್ಲಾಸಿನಿಂದ ಇನ್ಹೆರಿಟ್ ಆಗಿರುವುದರಿಂದ ಅದರ ನಡುವೆಯೂ ವಸ್ತುವನ್ನು ತೂರಿಸಬಹುದು. ಅದರ ಬದಲು ಡೆಕ್ (ಎರಡೂ ತುದಿಗಳಲ್ಲಿ ಸೇರಿಸಿ ತೆಗೆಯಬಹುದಾದ ಸಾಲು) ಬಳಸಿ ಎಂದು ಜಾವಾದ ಅಧಿಕೃತ ದಾಖಲೆಯೇ ಹೇಳುತ್ತದೆ.

ಬೇಡದ ಮೆಥಡ್‌ಗಳನ್ನೆಲ್ಲ ಓವರ್‌ರೈಡ್ ಮಾಡಿ, ಅಂದರೆ ಮರುಬರೆದು, ಎಕ್ಸೆಪ್ಶನ್ (ದೋಷಸೂಚನೆ) ಎಸೆಯೋಣವೆಂದು ಮೊದಲು ಯೋಚಿಸಿದೆ. ಹಾಗೆ ಮಾಡಿದರೆ ತಂದೆ ಕ್ಲಾಸಿಗೆ ಹೊಸತೇನಾದರೂ ಸೇರಿದಾಗಲೆಲ್ಲ ಮತ್ತೆ ಕಾವಲು ಕಾಯಬೇಕಾಗುತ್ತದೆ, ತಪ್ಪೂ ಪ್ರೋಗ್ರಾಮ್ ಓಡುವಾಗಲೇ ತಿಳಿಯುತ್ತದೆ. ಆದ್ದರಿಂದ ಇನ್ಹೆರಿಟ್ ಮಾಡಿಸುವ ‘ಎಕ್ಸ್‌ಟೆಂಡ್ಸ್’ ಪದವನ್ನು ಅಳಿಸಿ, ಒಳಗೊಂದು ಪ್ರೈವೇಟ್ (ಹೊರಗಿನಿಂದ ಮುಟ್ಟಲಾಗದ) ಅರೇಡೆಕ್ ಎಂಬ ಡೆಕ್ ಇಟ್ಟು, ಸೇರಿಸುವ, ತೆಗೆಯುವ, ಎಣಿಸುವ ಮೂರೇ ಮೆಥಡ್‌ಗಳನ್ನು ಬರೆದೆ. ಒಂದೊಂದೂ ಒಂದೇ ಸಾಲು, ಕೆಲಸವನ್ನು ಒಳಗಿನ ಡೆಕ್‌ಗೆ ದಾಟಿಸುವುದಷ್ಟೇ. ಪ್ರೋಗ್ರಾಮ್ ಓಡುವ ಮುನ್ನವೇ, ಕಂಪೈಲ್ ಮಾಡಿದೊಡನೆ ನಾಲ್ಕು ಕಡೆ ಎರರ್ ಬಂತು. ಸರದಿಯನ್ನು ಪಟ್ಟಿಯಂತೆ ಬಳಸಿದ್ದ ಜಾಗಗಳೆಲ್ಲ ತಾವಾಗಿಯೇ ಎದುರು ಬಂದು ನಿಂತವು.

ಇನ್ಹೆರಿಟೆನ್ಸನ್ನೇ ತೊರೆಯಬೇಕೆಂದು ನಾನು ಹೇಳಲಾರೆ. ಅದೇ ಜಾವಾದ ಆಬ್‌ಸ್ಟ್ರಾಕ್ಟ್‌ಲಿಸ್ಟ್ ಮಗು ಕ್ಲಾಸುಗಳಿಗಾಗಿಯೇ ಕಟ್ಟಿದ ಕ್ಲಾಸು: ಗೆಟ್ (ವಸ್ತು ಕೊಡುವುದು) ಮತ್ತು ಸೈಜ್ (ಎಣಿಕೆ ಹೇಳುವುದು) ಎಂಬ ಎರಡು ಮೆಥಡ್‌ಗಳನ್ನು ಬರೆದುಕೊಟ್ಟರೆ ಓದಲು ಮಾತ್ರ ಸಾಧ್ಯವಿರುವ ಪೂರ್ಣ ಪಟ್ಟಿಯೊಂದು ಸಿದ್ಧವಾಗುತ್ತದೆ, ಮಗು ಏನನ್ನು ತುಂಬಬೇಕೆಂಬುದನ್ನೂ ಅದರ ದಾಖಲೆ ಸ್ಪಷ್ಟವಾಗಿ ಬರೆದಿಟ್ಟಿದೆ.

ಮೂರು ಎರರ್‌ಗಳನ್ನು ಸಂಜೆಯೊಳಗೆ ಸರಿಪಡಿಸಿದೆ. ಉಳಿದದ್ದು ಆ ತುರ್ತು ಕೆಲಸದ್ದು. ಅದರ ಅಗತ್ಯ ನಿಜವಾದದ್ದೇ ಆದ್ದರಿಂದ, ‘ಸರದಿ’ಯೊಳಗೆ ತುರ್ತಿನವಕ್ಕೆ ಎರಡನೆಯ ಡೆಕ್ ಒಂದನ್ನು ನಾಳೆ ಇಡಲಿದ್ದೇನೆ.