ನೋವೇ ಇಲ್ಲದ ಹುಣ್ಣುಗಳು

12 ಮಾರ್ಚ್ 2024, ಮಂಗಳವಾರ

ಇವತ್ತು ಬಂದ ರೋಗಿಯೊಬ್ಬರಿಗೆ ಮುಖ, ಬೆನ್ನು, ತೋಳು, ತೊಡೆ, ಎಲ್ಲ ಕಡೆ ಹುಣ್ಣು. ಕೆಲವಕ್ಕೆ ಪದರಪದರವಾಗಿ ಕಪ್ಪು ಹಕ್ಕಳೆ. ನೋವಿದೆಯಾ ಅಂತ ಕೇಳಿದೆ. "ಇಲ್ಲ ಡಾಕ್ಟ್ರೇ, ನೋವಿದ್ದಿದ್ರೆ ಯಾವಾಗಲೋ ಬರ್ತಿದ್ದೆ" ಅಂದರು. ರೋಗ ಬಲಿಯುವುದು ಹೀಗೆಯೇ.

ಕುಷ್ಠ ನರಗಳನ್ನು ಕೆಡಿಸಿ ನೋವು ತಿಳಿಯದಂತೆ ಮಾಡುತ್ತದೆ, ಹಾಗಾಗಿ ಮೊದಲು ನರ ನೋಡಿದೆ. ಹತ್ತಿಯೆಳೆ ತಾಗಿಸಿದಲ್ಲೆಲ್ಲ ಸರಿಯಾಗಿ ಹೇಳಿದರು, ಮೊಣಕೈ ಹಿಂದಿನ ನರವೂ ದಪ್ಪವಾಗಿಲ್ಲ. ಆದರೂ ಕುಷ್ಠವನ್ನು ಕೈಬಿಡದೆ ಸ್ಮಿಯರ್, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಚರ್ಮದ ಮಾದರಿ, ತೆಗೆದೆ. ಬುರುಲಿ ಹುಣ್ಣಿನ ಬ್ಯಾಕ್ಟೀರಿಯಾ ಮೈಕೋಲ್ಯಾಕ್ಟೋನ್ ಎಂಬ ವಿಷದಿಂದ ನೋವನ್ನೇ ಅಡಗಿಸುತ್ತದೆ, ಆದರೆ ಅದು ಸಾಮಾನ್ಯವಾಗಿ ಕೈಕಾಲಿನಲ್ಲಿ ಒಂದೆರಡು ಕಡೆ ಮಾತ್ರ. ಮರಳುನೊಣ ಕಚ್ಚಿ ಹರಡುವ ಲೀಶ್ಮೇನಿಯಾ ಎಂಬ ಪರೋಪಜೀವಿಯ ಹುಣ್ಣೂ ಸಾಮಾನ್ಯವಾಗಿ ನೋಯುವುದಿಲ್ಲ. ಆ ನೊಣ ಇರುವ ಕಡೆ ಹೋಗಿದ್ದಿರಾ ಅಂತ ಕೇಳಿದೆ, ಇಲ್ಲವಂತೆ. ವಿಪರೀತ ನೋಯುವ ಹುಣ್ಣಿನ ಕಾಯಿಲೆಯಾದ ಪಯೋಡರ್ಮಾ ಗ್ಯಾಂಗ್ರಿನೋಸಮ್ ಆಗಿದ್ದರೆ ಮುಟ್ಟಲೂ ಬಿಡುತ್ತಿರಲಿಲ್ಲ.

ನನ್ನ ಮನಸ್ಸು ನಿಂತಿರುವುದು ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಮೇಲೆ. ಎರಡನೇ ಹಂತದಲ್ಲಿ, ಅದರಲ್ಲೂ ಎಚ್‌ಐವಿ ಜೊತೆಗಿದ್ದಾಗ, ಅದು ಅಪರೂಪಕ್ಕೆ ಮೈತುಂಬ ಹೀಗೆ ಹಕ್ಕಳೆಗಟ್ಟಿದ ಹುಣ್ಣು ತರುತ್ತದೆ. ಅವರು ತಂದಿದ್ದ ವಿಡಿಆರ್‌ಎಲ್ (ಸಿಫಿಲಿಸ್‌ನ ರಕ್ತಪರೀಕ್ಷೆ) ವರದಿಯಲ್ಲಿ "ನೆಗೆಟಿವ್" ಅಂತಿದೆ. ಆ ಒಂದು ಪದಕ್ಕೆ ಸಿಫಿಲಿಸ್ ಬಿಟ್ಟುಬಿಡಲು ನಾನು ಸಿದ್ಧಳಿಲ್ಲ. ರಕ್ತದಲ್ಲಿ ರೋಗದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ವಿಪರೀತ ಹೆಚ್ಚಿದ್ದಾಗ ಕೆಲವೊಮ್ಮೆ ಪರೀಕ್ಷೆಯಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟಬೇಕಾದ್ದು ಆಗುವುದೇ ಇಲ್ಲ. ಪ್ರೋಜೋನ್ ಅನ್ನುವುದು ಇದಕ್ಕೇ. ಸೀರಮ್, ಅಂದರೆ ರಕ್ತದ ತಿಳಿ ದ್ರವ, ತೆಳುಮಾಡಿ ನೋಡಿದರೆ ಅದೇ ರಕ್ತ ಪಾಸಿಟಿವ್ ಬರುತ್ತದೆ. ರೋಗ ಜೋರಾಗಿರುವವರಲ್ಲೇ ಪರೀಕ್ಷೆ ಹೀಗೆ ಕೈಕೊಡುವುದು ನನ್ನನ್ನು ತುಂಬ ಕಾಡುತ್ತದೆ, ಏಕೆಂದರೆ ಪೆನಿಸಿಲಿನ್‌ನಿಂದ ವಾಸಿಯಾಗುವ ಕಾಯಿಲೆ ಇದು.

ಬಯಾಪ್ಸಿಯನ್ನು ಒಂದು ಹೊಸ ಹುಣ್ಣಿನ ಅಂಚಿನಿಂದ, ಪಕ್ಕದ ಒಳ್ಳೆಯ ಚರ್ಮವೂ ಸೇರುವಂತೆ ತೆಗೆದೆ. ನಡುವಿನಿಂದ ತೆಗೆದರೆ ಬರೀ ಸತ್ತ ಅಂಗಾಂಶ ಸಿಗುತ್ತದೆ. ಒಂದು ತುಂಡು ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ಗೆ, ಇನ್ನೊಂದು ಸಲೈನ್‌ಗೆ (ಉಪ್ಪುನೀರು). ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ಸೂಕ್ಷ್ಮಾಣುಗಳು ಅಲ್ಲೇ ಸಾಯುತ್ತವೆ, ಆಮೇಲೆ ಕಲ್ಚರ್ ಮಾಡಲು, ಅಂದರೆ ಲ್ಯಾಬಿನಲ್ಲಿ ಅವನ್ನು ಬೆಳೆಸಿ ನೋಡಲು, ಏನೂ ಉಳಿಯುವುದಿಲ್ಲ. ಫಂಗಸ್, ಕ್ಷಯದ ಜಾತಿಯ ಬ್ಯಾಕ್ಟೀರಿಯಾ ಎರಡಕ್ಕೂ ಕಲ್ಚರ್ ಕೇಳಿದ್ದೇನೆ. ಆ ವರದಿಗೆ ವಾರಗಟ್ಟಲೆ ಕಾಯಬೇಕು. ಚರ್ಮದ ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಇದ್ದರೆ ಮೊದಲ ತುಂಡು ಹೇಳುತ್ತದೆ. ಅಲ್ಲಿಯವರೆಗೆ ಯಾರೇ ಹೇಳಿದರೂ ಸ್ಟೀರಾಯ್ಡ್ ತೆಗೆದುಕೊಳ್ಳಬೇಡಿ ಎಂದು ಒತ್ತಿ ಹೇಳಿದೆ.

ಎಚ್‌ಐವಿ ಪರೀಕ್ಷೆಯ ಮಾತು ತೆಗೆದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಒಪ್ಪಿದರು. ಸೀರಮ್ ತೆಳುಮಾಡಿ ನೋಡಿ ಅಂತ ಚೀಟಿಯಲ್ಲಿ ಬರೆದಿದ್ದೇನೆ. ಅಷ್ಟು ಸಾಲದು, ಬೆಳಿಗ್ಗೆ ಲ್ಯಾಬಿಗೆ ನಾನೇ ಹೋಗಿ ಹೇಳಿ ಬರಬೇಕು.